ಬಳೆಗಾರ ಸಂಕಣ್ಣನ ಹಿತ್ತಲು

ಗಿಡಮರಗಳಿಗೆ ಇನ್ನೂ ಬಾಯಿದ್ದ ಕಾಲ. ಆಗ ನವಿಲುಕೋಟೆ ಎಂಬ ರಾಜ್ಯದಲ್ಲಿ ಸಂಕಣ್ಣ ಎಂಬ ಬಳೆಗಾರನಿದ್ದ. ರಾಣಿಯಿಂದ ಹಿಡಿದು ಸಗಣಿ ಬಾಚುವ ಹುಡುಗಿಯವರೆಗೆ ಅವನ ಕೈಯಿಂದ ಬಳೆ ತೊಡದ ಹೆಣ್ಣು ಆ ರಾಜ್ಯದಲ್ಲಿರಲಿಲ್ಲ. ಎಂಥ ಗಡುಸು ಕೈಗೂ ನೋಯದಂತೆ ಬಳೆ ಏರಿಸುತ್ತಿದ್ದ. ಇಪ್ಪತ್ತು ವರ್ಷ ಊರೂರು ಸುತ್ತಿ, ಕಂಡವರ ಜಗಲಿಯಲ್ಲಿ ಮಲಗಿ, ಕೊನೆಗೊಂದು ಸ್ವಂತ ಮನೆ ಕೊಂಡ. ಮನೆಯೇನೋ ಲಕ್ಷಣವಾಗಿತ್ತು. ಹಿತ್ತಲು ಮಾತ್ರ ಕಾಡು ಬೆಳೆದಂತೆ ಬೆಳೆದಿತ್ತು.

ಮಾರಿದವಳು ದೇವಾಜಮ್ಮ ಎಂಬ ಮುದುಕಿ. ಬೀಗದ ಕೈ ಕೊಡುವಾಗ ಅವಳು, "ನೋಡಪ್ಪ, ಎಂಟನೇ ದಿನ ಬೆಳಿಗ್ಗೆ ಬಂದು ಹಿತ್ತಲು ಒಪ್ಪಿಸ್ತೀನಿ. ಅಲ್ಲೀಗಂಟ ಒಂದು ಕಡ್ಡೀನೂ ಮುರೀಬೇಡ" ಎಂದಳು.

ಹಿತ್ತಲು ಒಪ್ಪಿಸುವುದು ಆ ರಾಜ್ಯದ ಪದ್ಧತಿ. ಮಾರಿದವರು ಎಂಟನೆಯ ದಿನ ಬಂದು, ಕೊಂಡವರ ಕೈಯ ಮೇಲೆ ತಮ್ಮ ಕೈ ಇಟ್ಟು, ಒಂದೊಂದೇ ಗಿಡ ಮುಟ್ಟಿಸಿ, "ಇವತ್ತಿನಿಂದ ಇದು ಈ ಕೈಯದು" ಅನ್ನಬೇಕು. ಆಮೇಲೆ ಕಡಿಯುವುದಾಗಲಿ ನೆಡುವುದಾಗಲಿ.

ದೇವಾಜಮ್ಮ ಸಂಕಣ್ಣನಿಗೆ ಹೇಳದ ಸಂಗತಿಯೊಂದಿತ್ತು. ಅದನ್ನು ನಿಮಗೆ ಹೇಳುತ್ತೇನೆ. ಹಿತ್ತಲ ನಡುವೆ ಇದ್ದ ಹೊನ್ನೆಮರ ಅವಳ ಮಗಳು ಚೆಲುವಾಜಿ. ಉರಿಗಣ್ಣ ಎಂಬ ಮಾಂತ್ರಿಕ ಅವಳನ್ನು ಮದುವೆಯಾಗಲು ಕೇಳಿ, ಒಲ್ಲೆ ಅನಿಸಿಕೊಂಡು, ಬಾಯಿ ಕಟ್ಟಿ ಮರ ಮಾಡಿದ್ದ. ಬೇರೆ ಮನೆಯವರ ಕೈ ಆ ಮರವನ್ನು ಪದ್ಧತಿಯಂತೆ ಒಪ್ಪಿಸಿಕೊಂಡರೆ ಮಾಟ ಮುರಿಯುತ್ತದೆ. ಆದರೆ ತಾಯಿ ಗುಟ್ಟು ಬಿಟ್ಟರೆ ಮಗಳು ಎಂದೆಂದಿಗೂ ಮರವೇ. ಅದಕ್ಕೇ ಮುದುಕಿ ಮನೆ ಮಾರಿದ್ದು. ಹನ್ನೆರಡು ವರ್ಷ ಉರಿಗಣ್ಣ ಮರ ಸುಡಲು ಸುಳಿದಾಡುತ್ತಲೇ ಇದ್ದ. ಅವನನ್ನು ಒಳಗೆ ಬಿಡದೆ ಕಾದದ್ದು ಆ ಕಾಡೇ.

ಸಂಕಣ್ಣನಿಗೆ ತಡೆಯಲಾಗಲಿಲ್ಲ. ಒಂಬತ್ತನೆಯ ದಿನ ಗೃಹಪ್ರವೇಶ. ಯಾರ ಯಾರ ಜಗಲಿಯಲ್ಲಿ ಮಲಗಿದ್ದನೋ ಅವರನ್ನೆಲ್ಲ ಕರೆದಿದ್ದ. ಹಿತ್ತಲಿಗೆ ಕಲ್ಲು ಹಾಸಬೇಕು, ಮಲ್ಲಿಗೆ ಚಪ್ಪರ ಏಳಬೇಕು, ಬಂದವರು ಮೂಗಿನ ಮೇಲೆ ಬೆರಳಿಡಬೇಕು!

"ಎಂಟೇ ದಿನ ತಡ್ಕೊಳ್ಳೀಂದ್ರೆ" ಎಂದಳು ಹೆಂಡತಿ ಈರಮ್ಮ.

"ಮುದುಕಿ ಬರೋ ಹೊತ್ತಿಗೆ ಹಿತ್ತಲು ಕನ್ನಡಿ ಹಂಗೆ ಇರ್ತದೆ. ಅವಳೇ ಖುಷಿ ಪಡ್ತಾಳೆ ಕಣೆ" ಎಂದು ಸಂಕಣ್ಣ ಕುಡುಗೋಲು ಮಸೆದ.

ಐದನೆಯ ದಿನ ಬೇಲಿಯ ಕಾರೆಮುಳ್ಳಿಗೆ ಕೈ ಹಾಕಿದ. ಮುಳ್ಳು, "ಕಡೀಬೇಡಣ್ಣ, ಕಳ್ಳಹೆಜ್ಜೆ ತಡೆಯೋಳು ನಾನು" ಎಂದಿತು. ಕಡಿಯುವಾಗ ಎಲ್ಲವೂ ಹೀಗೇ ಅನ್ನುತ್ತವೆ ಎಂದುಕೊಂಡು ಕಡಿದ.

ಆರನೆಯ ದಿನ ಹೊನ್ನೆಯನ್ನು ಮುಸುಕಿದ್ದ ಅಮೃತಬಳ್ಳಿಗೆ ಕೈ ಹಾಕಿದ. ಬಳ್ಳಿ, "ಕೀಳಬೇಡಣ್ಣ, ಕೆಟ್ಟಕಣ್ಣು ತಡೆಯೋಳು ನಾನು" ಎಂದಿತು. ಅದನ್ನೂ ಕಿತ್ತ.

ಏಳನೆಯ ದಿನ ಹೊನ್ನೆಯ ಬಳಿ ಬಂದ. ಅದರ ಬಲಗಡೆಯ ಕೊಂಬೆಯೊಂದು ಚಪ್ಪರದ ಕಂಬಕ್ಕೆ ಅಡ್ಡ ಬರುತ್ತಿತ್ತು. ಹೊನ್ನೆ ಒಂದು ಮಾತೂ ಆಡಲಿಲ್ಲ. "ನೋಡಿದ್ಯಾ, ಇದೊಂದು ಸಾಧು ಮರ" ಎಂದು ಸಂಕಣ್ಣ ನಗುತ್ತ ಕೊಡಲಿ ಎತ್ತಿದ. ಕೊಂಬೆ ಬಿದ್ದಲ್ಲಿ ಕೆಂಪಗೆ ಸುರಿಯಿತು. ಹೊನ್ನೆಯ ಅಂಟು ಕೆಂಪಗಿರುವುದು ಯಾರಿಗೆ ಗೊತ್ತಿಲ್ಲ? ಸಂಕಣ್ಣ ಕೈ ತೊಳೆದುಕೊಂಡು ಊಟಕ್ಕೆ ಹೋದ.

ಎಂಟನೆಯ ದಿನ ಬೆಳಿಗ್ಗೆ ದೇವಾಜಮ್ಮ ಅರಿಶಿನ ಕುಂಕುಮ ಹಿಡಿದು ಬಂದಳು. ಹಿತ್ತಲ ಬಾಗಿಲಲ್ಲಿ ನಿಂತವಳ ಕೈಯಿಂದ ತಟ್ಟೆ ಬಿತ್ತು.

"ಏನ್ ಮಾಡ್ದ್ಯೋ ನನ್ನಪ್ಪಾ!"

ಅಷ್ಟರಲ್ಲಿ ಬೇಲಿ ಇದ್ದ ಕಡೆಯಿಂದ ಸುಟ್ಟ ವಾಸನೆ ಬಂತು. ಉರಿಗಣ್ಣ ಬರಿಗಾಲಲ್ಲಿ, ಅಂಗೈಯಲ್ಲಿ ಕೆಂಡ ಹಿಡಿದು ಬರುತ್ತಿದ್ದ. ಹನ್ನೆರಡು ವರ್ಷ ಕಾಣದ ಮರ ಈಗ ಬೀದಿಗೇ ಕಾಣುತ್ತಿತ್ತು. ಮುಳ್ಳೂ ಇಲ್ಲ, ಬಳ್ಳಿಯೂ ಇಲ್ಲ.

ಸಂಕಣ್ಣನಿಗೆ ಪೂರ್ತಿ ಅರ್ಥವಾಗದಿದ್ದರೂ ತಾನೇ ದಾರಿ ಮಾಡಿಕೊಟ್ಟೆನೆಂಬುದು ಅರ್ಥವಾಯಿತು. ಒಳಗೆ ಓಡಿ ಬಳೆ ಪೋಣಿಸಿದ ಮಲಾರವನ್ನೇ ಹೊತ್ತು ತಂದು, ಇದ್ದಬದ್ದ ಗಾಜಿನ ಬಳೆಯನ್ನೆಲ್ಲ ಬೇಲಿಯ ಜಾಗಕ್ಕೆ ಅಪ್ಪಳಿಸಿದ. ಬಳೆ ಒಡೆಯುವುದು ಬಳೆಗಾರನಿಗೆ ಮಹಾಪಾಪ. ಚೂರುಗಳು ಕಾಲಿಗೆ ಚುಚ್ಚಿ ಉರಿಗಣ್ಣ ಅರಚುತ್ತ ಕುಣಿದ. ಮುದುಕಿಗೆ ಅಷ್ಟು ಹೊತ್ತು ಸಾಕಾಯಿತು. ಸಂಕಣ್ಣನ ಕೈ ಎಳೆದು ಮರಕ್ಕೆ ಒತ್ತಿ, ಮೇಲೆ ತನ್ನ ಕೈ ಇಟ್ಟು, "ಇವತ್ತಿನಿಂದ ಇದು ಈ ಕೈಯದು" ಎಂದಳು.

ಮಾಟ ಮಾಡಿದವನಿಗೇ ತಿರುಗಿತು. ಉರಿಗಣ್ಣ ನಿಂತಲ್ಲೇ ಒಲೆಗೂ ಬಾರದ ಕೊರಡಾದ. ಹೊನ್ನೆ ಇದ್ದಲ್ಲಿ ಚೆಲುವಾಜಿ ನಿಂತಿದ್ದಳು. ಬಲಗೈ ಮೊಣಕೈಯವರೆಗೆ ಮಾತ್ರ ಇತ್ತು.

ಸಂಕಣ್ಣ ಕುಸಿದು ಕೂತ. "ಒಂದು ದಿನ ಕಣವ್ವ... ಒಂದೇ ಒಂದು ದಿನ ತಡೆದಿದ್ರೆ..." ಎಂದು ಅತ್ತ. ಮುದುಕಿ ಮಗಳನ್ನು ತಬ್ಬಿಕೊಂಡಿದ್ದಳು. ಅವನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ.

ಮರುವರ್ಷ ಅರಮನೆಯ ಕುದುರೆ ಪಳಗಿಸುವವನೊಂದಿಗೆ ಚೆಲುವಾಜಿಯ ಮದುವೆಯಾಯಿತು. ಸಂಕಣ್ಣನೇ ಬಳೆ ತೊಡಿಸಬೇಕೆಂದು ಅವಳು ಹಟ ಹಿಡಿದಳು. ಅವನು ಅಭ್ಯಾಸಬಲದಿಂದ ಎರಡು ಕೈಗಾಗುವಷ್ಟು ಹಸಿರು ಬಳೆ ತಂದಿದ್ದ. ಎಡಗೈ ತುಂಬಿದ ಮೇಲೆ ಮಿಕ್ಕವು ಅವನ ಮಡಿಲಲ್ಲೇ ಉಳಿದವು. ತಲೆ ಎತ್ತಲಾರದೆ ಕೂತ.

"ಅವನ್ನೂ ಇದಕ್ಕೇ ಹಾಕಣ್ಣ, ಇನ್ನೂ ಜಾಗ ಐತೆ" ಎಂದಳು ಚೆಲುವಾಜಿ.

ಹಾಕಿದ. ಜನ್ಮದಲ್ಲಿ ಮೊದಲ ಸಲ ಒಬ್ಬರಿಗೆ ನೋಯಿಸಿ ಬಳೆ ಏರಿಸಿದ.

ಆಮೇಲೆ ನವಿಲುಕೋಟೆಯಲ್ಲಿ ಎಲ್ಲರೂ ಸುಖವಾಗಿದ್ದರು. ಚೆಲುವಾಜಿ ಮಕ್ಕಳ ತಾಯಿಯಾದಳು, ದೇವಾಜಮ್ಮ ಮೊಮ್ಮಕ್ಕಳ ತೊಟ್ಟಿಲು ತೂಗಿದಳು. ಸಂಕಣ್ಣನೂ ಸುಖವಾಗಿದ್ದ ಅನ್ನಿ. ಅವನ ಹಿತ್ತಲಲ್ಲಿ ಕಲ್ಲು ಹಾಸಲಿಲ್ಲ, ಚಪ್ಪರವೂ ಏಳಲಿಲ್ಲ. ಕಾರೆಮುಳ್ಳು ಮತ್ತೆ ಚಿಗುರಿ, ಬಳ್ಳಿ ಹಬ್ಬಿ, ಹಾವು ಬರುವಷ್ಟು ಕಾಡಾಯಿತು. ಯಾರಾದರೂ, "ಇದನ್ನ ಕಡಿಸಬಾರದೇನೋ ಸಂಕಣ್ಣ?" ಅಂದರೆ, "ಎಂಟು ದಿನ ಆಗಲಿ" ಅನ್ನುತ್ತಿದ್ದ. ಸಾಯುವವರೆಗೂ ಅದನ್ನೇ ಅನ್ನುತ್ತಿದ್ದ.