ದೂರು ನಿಂತ ಮೇಲೆ ಎದ್ದ ಕಾರು

ಕಾರು ಮೇಲೆದ್ದಿತು. ಅದರ ಜೊತೆ ರಸ್ತೆಯೂ ಎದ್ದಿತು.

ಹಾಗೆಂದು ಕೂಗಿದವನು ಕ್ರೇನಿನ ಮೇಸ್ತ್ರಿ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿದ್ದಿದ್ದ ನೀಲಿ ಕಾರು ಅದು. ಬಿಸಿಲಿಗೆ ಮೆತ್ತಗಾದ ಮುಂದಿನ ಟೈರು ಕೆಳಗಿನ ಕಬ್ಬಿಣದ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಕ್ರೇನು ಎಳೆದಾಗ ಮುಚ್ಚಳವೂ ಎದ್ದು ಬಂತು. ಒಂದು ಕ್ಷಣ ಗಾಳಿಯಲ್ಲಿ ತೂಗಾಡಿ ಧಡಾರನೆ ಬಿತ್ತು. ಕೆಳಗೆ ಹಳೆಯ ನೀರಿನ ವಾಲ್ವಿನ ಗುಂಡಿ. ಹೊಸ ಪೈಪು ಬಂದ ಮೇಲೆ ಯಾರೂ ಇಣುಕಿ ನೋಡದ ಒಣಗುಂಡಿ. ಮೇಸ್ತ್ರಿ ಬಗ್ಗಿ ನೋಡಿದ. ಆಮೇಲೆ ಪಕ್ಕದ ಕಾಂಪೌಂಡಿಗೆ ಒರಗಿ ಕುಸಿದು ಕೂತ.

ಗುಂಡಿಯಲ್ಲಿ ಒಬ್ಬ ಮನುಷ್ಯ ಕೂತಿದ್ದ. ಉಳಿದದ್ದು ಮೂಳೆ, ಒಂದು ಚಪ್ಪಲಿ, ಬಣ್ಣ ಹೋದ ಚೌಕಳಿ ಅಂಗಿ ಮಾತ್ರ.

ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಇಡೀ ಬೀದಿ ಅಲ್ಲಿ ನೆರೆದಿತ್ತು. ಆಕೆ ಮಾತು ಕಡಿಮೆಯ ಹೆಂಗಸು. ಜೊತೆಗಿದ್ದ ದಫೇದಾರ ಆ ಕೊರತೆಯನ್ನು ಧಾರಾಳವಾಗಿ ತುಂಬಿಕೊಡುತ್ತಿದ್ದ.

"ಮೇಡಂ, ಈ ಕಾರಿಗೆ ಏನೋ ಇದೆ ಅಂತ ಬೀದಿಯವರೆಲ್ಲ ಹೇಳ್ತಿದ್ರಂತೆ. ಸಂಜೆ ಆದ್ರೆ ಮಕ್ಕಳು ಈ ಕಡೆ ನಡೆಯೋದೇ ಇಲ್ಲ, ಆ ಕಡೆ ದಾಟಿ ಹೋಗ್ತಾರೆ. ನಾಯಿ ಕೂಡ ಇದರ ನೆರಳಲ್ಲಿ ಮಲಗಲ್ವಂತೆ."

"ನಾಯಿಗೆ ಇದ್ದ ಬುದ್ಧಿ ನಮಗಿರಲಿಲ್ಲ ಬಿಡಿ," ಎಂದಳು ಇನ್‌ಸ್ಪೆಕ್ಟರ್.

ಅವಳು ಗುಂಡಿಗೆ ಇಳಿದಳು. ಮೂಳೆಗಳ ಪಕ್ಕ ಮುಷ್ಟಿಯಷ್ಟು ದಪ್ಪದ ಕಲ್ಲೊಂದಿತ್ತು. ಅದರ ಒಂದು ಮೂಲೆ ಜಜ್ಜಿಹೋಗಿ ಕಬ್ಬಿಣದ ತುಕ್ಕು ಮೆತ್ತಿಕೊಂಡಿತ್ತು. ಮುಚ್ಚಳದ ಒಳಮೈಯಲ್ಲಿ ಒಂದೇ ಕಡೆ ತುಕ್ಕು ಕಿತ್ತುಬಂದಿತ್ತು. ಎರಡನ್ನೂ ನೋಡಿದ ಮೇಲೆ ಅವಳಿಗೆ ಆ ಗುಂಡಿಯಲ್ಲಿ ನಿಲ್ಲಲಾಗಲಿಲ್ಲ. ಬೇಗನೆ ಮೇಲೆ ಬಂದಳು.

ಕಾರಿನ ಮುಂದಿನ ಗಾಜಿನ ಮೇಲೆ ನೋಟಿಸುಗಳು ಒಂದರ ಮೇಲೊಂದು ಅಂಟಿ ರಟ್ಟಿನಷ್ಟು ದಪ್ಪವಾಗಿದ್ದವು. ಎಲ್ಲದರಲ್ಲೂ ಒಂದೇ ಮಾತು: ತಿಂಗಳೊಳಗೆ ತೆಗೆಯದಿದ್ದರೆ ವಾಹನವನ್ನು ಎತ್ತಿಕೊಂಡು ಹೋಗಲಾಗುವುದು.

"ಇಷ್ಟು ಸಲ ಹೆದರಿಸಿ ಒಂದು ಸಲವೂ ಎತ್ತಿಲ್ಲ," ಎಂದಳು.

"ಸರ್ಕಾರಿ ಕೆಲಸ ಅಲ್ವಾ ಮೇಡಂ," ಎಂದ ದಫೇದಾರ, ತಾನು ಯಾವ ಕೆಲಸದಲ್ಲಿದ್ದೇನೆಂಬುದನ್ನು ಮರೆತು.

*

ಎದುರು ಮನೆಯ ಕಿಟಕಿಯಲ್ಲಿ ಹೊಲಿಗೆ ಮಿಶನ್ ಇತ್ತು. ಅದರ ಹಿಂದೆ ಕೂರುತ್ತಿದ್ದ ಟೈಲರಮ್ಮ ಈಗ ಗುಂಪಿನ ಅಂಚಿನಲ್ಲಿ ನಿಂತಿದ್ದಳು. ಅಂಗಿಯನ್ನು ಹಾಳೆಯ ಮೇಲೆ ಹರಡಿದಾಗ ಅವಳು ಯಾರನ್ನೂ ಕೇಳದೆ ಹತ್ತಿರ ಬಂದಳು. ಬಗ್ಗಿ ಕಾಲರನ್ನು ನೋಡಿದಳು.

"ಇದು ನಾನು ಹೊಲಿದದ್ದು. ಬಟ್ಟೆ ಸಾಲದೆ ಕಾಲರ್ ಒಳಗೆ ದಿಂಬಿನ ಕವರ್ ತುಂಡು ಕೊಟ್ಟಿದ್ದೆ. ನೋಡಿ, ಹೂವಿನ ಬಟ್ಟೆ."

"ಯಾರಿಗೆ ಹೊಲಿದದ್ದಮ್ಮ?"

"ನಮ್ಮ ಯಜಮಾನರಿಗೆ." ಆಮೇಲೆ, ಲೆಕ್ಕ ತಪ್ಪಿದವಳಂತೆ ಕೇಳಿದಳು, "ಆದ್ರೆ ಅವರು ಓಡಿಹೋದ್ರಲ್ಲ?"

ಅವಳನ್ನು ಮನೆಯೊಳಗೆ ಕೂರಿಸಿ ನೀರು ಕೊಟ್ಟು ಕೇಳಬೇಕಾಯಿತು. ಗಂಡನಿಗೆ ಬೇಕರಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ನಡೆದುಕೊಂಡು ಹೊರಡುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ದಿನ ಹಾಗೇ ಹೊರಟವನು ಬರಲಿಲ್ಲ. ಹಿಂದಿನ ರಾತ್ರಿ ಇಬ್ಬರಿಗೂ ಜಗಳವಾಗಿತ್ತು. ಯಾವುದೋ ಸಣ್ಣ ಮಾತಿಗೆ.

"ಪೊಲೀಸರಿಗೆ ಹೇಳಲಿಲ್ವಾ?"

"ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ಮಾಮ ಬಂದು ತಡೆದ್ರು. ಬೇರೊಬ್ಬಳ ಜೊತೆ ಬಸ್ ಹತ್ತಿದ್ದನ್ನ ಅವರೇ ಕಣ್ಣಾರೆ ಕಂಡಿದ್ರು. ಕೈಯಲ್ಲಿ ಬ್ಯಾಗೂ ಇತ್ತಂತೆ. ಊರ ಬಾಯಿಗೆ ಬೀಳಬೇಡ, ಸುಮ್ಮನಿದ್ದುಬಿಡು ತಾಯಿ ಅಂದ್ರು. ಸುಮ್ಮನಿದ್ದೆ."

"ಮಾಮ ಅಂದ್ರೆ?"

"ಮೂರನೇ ಮನೆ. ಕಂಪ್ಲೇಂಟ್ ಮಾಮ ಅಂತಾರೆ ಎಲ್ಲರೂ. ಬೀದಿ ದೀಪ, ಚರಂಡಿ, ಕಸ, ಎಲ್ಲಕ್ಕೂ ಅವರೇ ಫೋನ್ ಮಾಡೋದು. ಈ ಕಾರು ನೋಡಿದ್ರೆ ಮೈ ಜುಮ್ ಅನ್ನುತ್ತೆ, ತೆಗೆಸಿ ಅಂತ ನಾನು ಎಷ್ಟು ಸಲ ಹೇಳಿದ್ದೀನೋ. ನೀವ್ಯಾರೂ ತಲೆ ಕೆಡಿಸ್ಕೋಬೇಡಿ, ನಾನು ನೋಡ್ಕೋತೀನಿ ಅನ್ನೋರು. ಪಾಪ, ಬಾಯಿ ನೋಯೋವರೆಗೂ ಫೋನ್ ಮಾಡ್ತಿದ್ರು."

ಮಾಮ ಊರಲ್ಲಿರಲಿಲ್ಲ. ತಿಂಗಳ ಹಿಂದೆ ಮಗಳ ಮನೆಗೆ ಹೋದವರು ನಾಳೆ ಬರುತ್ತಾರಂತೆ. ಟೈಲರಮ್ಮನ ಮನೆಯ ಗೋಡೆಯ ಮೇಲೆ ಒಂದು ಮೊಳೆ ಖಾಲಿ ಇತ್ತು. ಅದರ ಕೆಳಗೆ ಫೋಟೋ ತೂಗಿದ್ದ ಜಾಗ ಮಾತ್ರ ಚೌಕಾಕಾರವಾಗಿ ಬೆಳ್ಳಗಿತ್ತು.

*

ನೀಲಿ ಕಾರು ಅದೇ ಬೀದಿಯ ವಯಸ್ಸಾದ ಡಾಕ್ಟರದ್ದು. ಅವರು ತೀರಿಕೊಂಡು ನಾಲ್ಕು ವರ್ಷ ದಾಟಿತ್ತು. ಹೆಂಡತಿ ಮಕ್ಕಳಿಲ್ಲ. ಇದ್ದವನು ಒಬ್ಬ ತಮ್ಮನ ಮಗ. ದಫೇದಾರ ಬಾಗಿಲು ತಟ್ಟಿದಾಗ ಅವನು ಹಿತ್ತಲ ಬಾಗಿಲಿನಿಂದ ಓಟ ಕಿತ್ತ. ದಫೇದಾರನಿಗೆ ಕೇಸು ಮುಗಿದಂತೆಯೇ ಕಂಡಿತು. ಹಿಡಿದು ತಂದಾಗ ಜೇಬಿನಲ್ಲಿ ಕಾರಿನ ಕೀಲಿ ಬೇರೆ ಸಿಕ್ಕಿತು.

"ಯಾಕೋ ಓಡಿದೆ?"

"ಬ್ಯಾಟರಿ ಕದ್ದಿದ್ದೆ ಸರ್. ಸ್ಟೀರಿಯೋ ಕೂಡ."

"ಯಾರ ಕಾರಿಂದು?"

"ದೊಡ್ಡಪ್ಪನ ಕಾರಿಂದೇ."

"ನಿನಗೇ ಬರೋ ಕಾರಿಂದ ನೀನೇ ಕದ್ಯಾ?" ದಫೇದಾರ ಹಣೆ ಚಚ್ಚಿಕೊಂಡ.

ಇನ್‌ಸ್ಪೆಕ್ಟರ್ ನಗಲಿಲ್ಲ. "ಕಾರನ್ನ ಟೈಲರಮ್ಮನ ಮನೆ ಮುಂದೆ ನಿಲ್ಲಿಸಿದ್ದು ನೀನೇನಾ?"

"ಇಲ್ಲ ಮೇಡಂ. ದೊಡ್ಡಪ್ಪ ಯಾವತ್ತೂ ತನ್ನ ಗೇಟಿನ ಮುಂದೇ ನಿಲ್ಲಿಸೋರು. ತೀರಿಕೊಂಡ ದಿನವೂ ಅಲ್ಲೇ ಇತ್ತು. ಬ್ಯಾಟರಿಗೆ ಬಂದಾಗ ನೋಡಿದ್ರೆ ಕಾರು ಬೇರೆ ಕಡೆ ನಿಂತಿದೆ. ನಂಗೇ ಭಯ ಆಯ್ತು. ಅವರೇ ಬಂದು ನಿಲ್ಲಿಸಿದ್ರೇನೋ ಅನ್ನಿಸ್ತು. ಸಿಕ್ಕಿದ್ದನ್ನ ಕಿತ್ಕೊಂಡು ಹೋದವನು ಆಮೇಲೆ ಆ ಕಡೆ ತಲೆ ಹಾಕಲಿಲ್ಲ."

"ಇನ್ನೊಂದು ಕೀಲಿ?"

"ಇತ್ತು. ಹುಷಾರಿಲ್ಲದಾಗ ಆಗಾಗ ಕಾರು ಸ್ಟಾರ್ಟ್ ಮಾಡಿ ಇಡೋಕೆ ಅಂತ ಬೀದಿಯಲ್ಲಿ ಯಾರಿಗೋ ಕೊಟ್ಟಿದ್ರು. ಯಾರಿಗೆ ಅಂತ ಗೊತ್ತಿಲ್ಲ."

ಅವನನ್ನು ಬಿಟ್ಟು ಕಳಿಸಿದಾಗ ದಫೇದಾರನ ಮುಖ ಊದಿಕೊಂಡಿತು.

*

ಮರುದಿನ ಕಂಪ್ಲೇಂಟ್ ಮಾಮ ಬಂದಿದ್ದರು. ಕುಳ್ಳಗೆ, ಶುಭ್ರವಾಗಿ, ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯಲ್ಲೇ ಕೂತಿದ್ದರು. ಇನ್‌ಸ್ಪೆಕ್ಟರನ್ನು ಎದ್ದು ಕರೆದರು.

"ಬಾಮ್ಮ, ಕೂತ್ಕೋ. ಕೇಳಿ ಎದೆ ಒಡೆದುಹೋಯ್ತು. ಆ ಹುಡುಗಿಗೆ ಇನ್ನೆಷ್ಟು ಕಷ್ಟ!"

"ನೀವು ಅವನನ್ನ ಬಸ್ ಸ್ಟ್ಯಾಂಡಲ್ಲಿ ನೋಡಿದ್ರಂತೆ."

"ನೋಡಿದೆ. ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ದ. ನಾನು ರಸ್ತೆಯ ಈ ಕಡೆ. ಪಕ್ಕದಲ್ಲಿ ಹಸಿರು ಬಟ್ಟೆ ಹಾಕಿದ್ದ ಹೆಂಗಸು. ವಾಪಸ್ ಬಂದಿರಬೇಕು, ಆ ಹೆಂಗಸಿನ ಕಡೆಯವರು ಯಾರೋ ಮುಗಿಸಿರಬೇಕು. ಇನ್ನೇನು ಹೇಳಲಿ?"

"ಕಣ್ಣಿಗೆ ಏನಾಯ್ತು?"

ಮಾಮನ ಮುಖ ಅರಳಿತು. "ಪೊರೆ ತೆಗೆಸಿಕೊಂಡೆ, ಎರಡೂ ಕಣ್ಣಿಂದು. ಅದಕ್ಕೇ ಮಗಳ ಮನೆಗೆ ಹೋಗಿದ್ದು. ಐದಾರು ವರ್ಷ ಕುರುಡು ಬಾಳು ಬಾಳಿದೆ ನೋಡು. ಎದುರಿಗೆ ಯಾರಾದ್ರೂ ಬಂದ್ರೆ ಮಾತಾಡಿದ ಮೇಲೇ ಇಂಥವರು ಅಂತ ಗೊತ್ತಾಗೋದು. ಹೆದರಿ ಕಾರನ್ನೂ ಮಾರಿಬಿಟ್ಟೆ. ಈಗ ನೋಡು, ಆ ಮರದ ಎಲೆ ಎಲೆಯೂ ಕಾಣ್ತಿದೆ!"

ಇನ್‌ಸ್ಪೆಕ್ಟರ್ ಅಭಿನಂದನೆ ಹೇಳಿ ಎದ್ದಳು. ಗೇಟಿನ ಚಿಲಕಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ತಿರುಗಿ ನೋಡುವ ಧೈರ್ಯ ಬರಲಿಲ್ಲ ಎಂದರೆ ಅವಳ ಕೆಲಸಕ್ಕೆ ಅವಮಾನ, ಆದರೆ ಅದೇ ನಿಜ.

*

ಕ್ರೇನಿನ ಮೇಸ್ತ್ರಿ ಇನ್ನೂ ಸುಧಾರಿಸಿಕೊಂಡಿರಲಿಲ್ಲ.

"ಒಂದೇ ಮಾತು ಕೇಳ್ತೀನಿ," ಎಂದಳು ಇನ್‌ಸ್ಪೆಕ್ಟರ್. "ಅಷ್ಟು ದೂರು ಬಂದಾಗ ಎತ್ತದ ಕಾರನ್ನ ಈಗ ಯಾಕೆ ಎತ್ತಿದ್ರಿ?"

"ಈ ಸಲ ದೂರು ಬರಲಿಲ್ಲ, ಅದಕ್ಕೇ."

ದಫೇದಾರ ಬಾಯಿ ತೆರೆದ. "ತಲೆ ಕೆಟ್ಟಿದೆಯಾ ನಿಂಗೆ?"

"ನಮ್ಮ ನಗರಸಭೆ ಆಫೀಸಿನ ಪದ್ಧತಿ ಹಾಗೇ ಸಾರ್. ದೂರು ಬಂದ್ರೆ ನೋಟಿಸ್ ಅಂಟಿಸ್ತೀವಿ, ತಿಂಗಳು ಕಾಯ್ತೀವಿ. ಮಧ್ಯೆ ಇನ್ನೊಂದು ದೂರು ಬಂತೋ, ಹಳೇದು ರದ್ದು. ಹೊಸ ನೋಟಿಸ್, ಹೊಸ ತಿಂಗಳು. ಈ ಕಾರಿಗೆ ತಿಂಗಳು ತುಂಬೋದಕ್ಕೆ ಮುಂಚೆ ತಪ್ಪದೆ ಫೋನ್ ಬರೋದು. ಕೋಪ ಮಾಡ್ಕೊಂಡು ಬೈಯೋರು ಬೇರೆ. ಈ ಸಲ ಒಂದೂ ಫೋನ್ ಇಲ್ಲ. ತಿಂಗಳು ತುಂಬ್ತು, ಬಂದ್ವಿ."

"ಫೋನ್ ಮಾಡೋರಿಗೆ ಈ ಪದ್ಧತಿ ಯಾರೂ ಹೇಳಲಿಲ್ವಾ?"

"ಅವರಿಗೆ ನಾವೇನು ಹೇಳೋದು ಮೇಡಂ? ರಿಟೈರ್ ಆಗೋವರೆಗೂ ನಮ್ಮ ಸಾಹೇಬ್ರೇ ಅವರು. ಈ ಪದ್ಧತಿ ತಂದಿದ್ದೇ ಅವರು."

*

ಈ ಸಲ ಇನ್‌ಸ್ಪೆಕ್ಟರ್ ಜಗುಲಿಯಲ್ಲಿ ಕೂರಲಿಲ್ಲ. ದಫೇದಾರ ಗೇಟಿನಲ್ಲಿ ನಿಂತ.

"ಮಾಮ, ಎದುರಿಗಿದ್ದವರ ಗುರುತೇ ಸಿಗದ ಕಾಲದಲ್ಲಿ ರಸ್ತೆಯ ಆಚೆ ಬಸ್ಸೊಳಗಿದ್ದವನನ್ನ ಹೇಗೆ ಗುರುತು ಹಿಡಿದ್ರಿ? ಹಸಿರು ಬಣ್ಣ ಹೇಗೆ ಕಾಣಿಸ್ತು?"

ಮಾಮ ಕನ್ನಡಕ ತೆಗೆದು ಒರೆಸತೊಡಗಿದರು.

"ನೀವು ನೋಡಲೇ ಇಲ್ಲ. ಅವನ ಕಾಲುಮೂಳೆ ಮೊಣಕಾಲಿನ ಕೆಳಗೆ ಮುರಿದಿದೆ. ಕಾರಿನ ಬಂಪರ್ ತಾಗುವ ಎತ್ತರ ಅಂತಾರೆ ಪೋಸ್ಟ್‌ಮಾರ್ಟಂ ಮಾಡಿದವರು. ಬೆಳಕು ಹರಿಯೋ ಮೊದಲು ಕಾರು ಹೊರಗೆ ತೆಗೆದ್ರಿ. ಅವನು ಕಾಣಲಿಲ್ಲ. ಗುದ್ದಿದ್ರಿ. ಗುಂಡಿಗೆ ಹಾಕಿದ್ರಿ. ತೀರಿಕೊಂಡ ಡಾಕ್ಟರು ತಮ್ಮ ಕಾರಿನ ಇನ್ನೊಂದು ಕೀಲಿ ಕೊಟ್ಟಿದ್ದು ನಿಮಗೇ, ಆ ಕಾರನ್ನ ತಂದು ಮುಚ್ಚಳದ ಮೇಲೆ ನಿಲ್ಲಿಸಿದ್ರಿ. ಅದು ಅಲ್ಲಿಂದ ಕದಲಬಾರದು. ಸುಮ್ಮನಿದ್ರೆ ಬೇರೆ ಯಾರಾದ್ರೂ ಒಂದು ಸಲ ದೂರು ಕೊಡ್ತಾರೆ, ತಿಂಗಳಲ್ಲಿ ಕಾರು ಹೋಗುತ್ತೆ. ಅದಕ್ಕೇ ಕಾರು ತೆಗೀರಿ ಅಂತ ಎಲ್ಲರಿಗಿಂತ ಜೋರಾಗಿ ನೀವೇ ಕೂಗಿದ್ರಿ. ನೀವು ಕೂಗಿದಷ್ಟು ದಿನ ಅದು ನಿಂತಿತ್ತು."

"ಮಗಳ ಮನೆಯಿಂದ ಫೋನ್ ಮಾಡೋಣ ಅಂದ್ಕೊಂಡೆ," ಎಂದರು ಮಾಮ, ತಣ್ಣಗೆ. "ಕಣ್ಣಿಗೆ ಪಟ್ಟಿ ಕಟ್ಟಿದ್ರು. ಇದ್ದಕ್ಕಿದ್ದಂತೆ ಹಿತವಾಗಿತ್ತಮ್ಮ. ಅಲ್ಲಿ ಆ ಕಾರು ಇರಲಿಲ್ಲ. ನಾಳೆ ಮಾಡಿದ್ರಾಯ್ತು, ನಾಳೆ ಮಾಡಿದ್ರಾಯ್ತು ಅಂತ ಬಿಟ್ಟೆ."

"ಗುಂಡಿಯಲ್ಲಿದ್ದ ಆ ಕಲ್ಲಿನ ಬಗ್ಗೆ ಹೇಳಿ."

ಅವರು ಕನ್ನಡಕವನ್ನು ಮಡಿಚಿ ಪಕ್ಕಕ್ಕಿಟ್ಟರು.

"ಸತ್ತಿದ್ದಾನೆ ಅಂತಲೇ ಹಾಕಿದ್ದು. ಆಣೆ ಮಾಡ್ತೀನಿ. ಮುಚ್ಚಳ ಮುಚ್ಚಿದ ಮೇಲೆ ಒಳಗಿಂದ ಬಡಿಯೋಕೆ ಶುರು ಮಾಡಿದ. ತೆಗೆಯೋಣ ಅಂತ ಬಗ್ಗಿದೆ. ತೆಗೆದ್ರೆ ಅವನು ಮಾತಾಡ್ತಾನೆ. ಕಣ್ಣು ಕಾಣದೆ ಗಾಡಿ ಓಡಿಸ್ತೀಯಾ ಅಂತ ಬೀದಿಯೆಲ್ಲ ಉಗಿಯುತ್ತೆ. ಇಷ್ಟು ವರ್ಷ ಎಲ್ಲರೂ ಕೈಮುಗೀತಿದ್ರು ನಂಗೆ." ಅವರು ತಮ್ಮ ಹೊಸ ಕಣ್ಣುಗಳನ್ನು ಮುಚ್ಚಿಕೊಂಡರು. "ಆಮೇಲೆ ಕಾರು ತಂದೆ. ಮಧ್ಯಾಹ್ನದ ಹೊತ್ತಿಗೆ ಆ ಬಡಿತ ನಿಂತುಹೋಯ್ತು. ಬೀದಿಗೆ ನಿಂತಿತು. ನಂಗೆ ಇವತ್ತಿಗೂ ನಿಂತಿಲ್ಲ."

ದಫೇದಾರ ಗೇಟು ತೆಗೆದು ಹಿಡಿದ.

*

ಟೈಲರಮ್ಮ ಎಲ್ಲವನ್ನೂ ನಿಂತುಕೊಂಡೇ ಕೇಳಿದಳು.

"ಬ್ಯಾಗು?"

"ಇರಲಿಲ್ಲ. ಹೆಂಗಸೂ ಇರಲಿಲ್ಲ. ನಿಮ್ಮ ಯಜಮಾನ್ರು ಎಂದಿನ ಹಾಗೆ ಕೆಲಸಕ್ಕೆ ಹೊರಟಿದ್ರು, ಅಷ್ಟೇ."

"ನನ್ನನ್ನ ಬಿಟ್ಟು ಹೋಗಿರಲಿಲ್ಲ?"

"ಇಲ್ಲಮ್ಮ."

ಆಗ ಅವಳ ಮುಖದ ಮೇಲೆ ಬಂದದ್ದು ಸಂತೋಷ. ಬೇರೆ ಹೆಸರಿಟ್ಟರೆ ಸುಳ್ಳಾಗುತ್ತದೆ. ನಾಲ್ಕು ವರ್ಷದ ಅವಮಾನ ಒಂದೇ ಉಸಿರಿಗೆ ಇಳಿದುಹೋಗಿತ್ತು. ಹೆಣಗಳನ್ನು ನೋಡಿ ನೋಡಿ ಮನಸ್ಸು ಗಟ್ಟಿಯಾಗಿದ್ದ ಇನ್‌ಸ್ಪೆಕ್ಟರ್‌ಗೆ ಆ ಸಂತೋಷವನ್ನು ನೋಡಲಾಗಲಿಲ್ಲ. ಕಿಟಕಿಯ ಕಡೆ ತಿರುಗಿದಳು.

"ದಿನಾ ಬೆಳಗ್ಗೆ ಈ ಕಿಟಕಿ ತೆಗೆದು ಅವರಿಗೆ ಶಾಪ ಹಾಕ್ತಿದ್ದೆ," ಎಂದಳು ಟೈಲರಮ್ಮ. "ಎಲ್ಲೇ ಇದ್ರೂ ತಟ್ಟಲಿ ಅಂತ ಜೋರಾಗೇ ಹಾಕ್ತಿದ್ದೆ." ಆಮೇಲೆ ಅವಳ ಮುಖ ನಿಧಾನವಾಗಿ ಬದಲಾಯಿತು. "ಮೇಡಂ, ಆವತ್ತು, ಅವರು ಹೋದ ದಿನ, ಏನೋ ಬಡಿಯೋ ಸದ್ದು ಕೇಳಿಸಿತ್ತು. ಹೊರಗೆ ಹೋಗಿ ನೋಡಿದ್ರೆ ಮಾಮ ಆ ಕಾರಿನ ಪಕ್ಕ ನಿಂತಿದ್ರು. ಇಂಜಿನ್ ಬಡ್ಕೊಳ್ತಿದೆ, ನೀನು ಒಳಗೆ ಹೋಗು ಅಂದ್ರು. ಬಂದು ಮಿಶನ್ ತುಳಿಯೋಕೆ ಕೂತೆ. ಮಿಶನ್ ಶುರುವಾದ್ರೆ ಹೊರಗಿನ ಸದ್ದು ಏನೂ ಕೇಳಿಸಲ್ಲ. ಅದು ಇಂಜಿನ್ ತಾನೇ?"

ಇನ್‌ಸ್ಪೆಕ್ಟರ್ ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿಯನ್ನೂ ತೆರೆದಳು. ಆದರೆ ಈ ಹೆಂಗಸನ್ನು ಒಂದು ಸುಳ್ಳು ಆಗಲೇ ನಾಲ್ಕು ವರ್ಷ ತಿಂದಿತ್ತು.

"ಅಲ್ಲಮ್ಮ," ಎಂದಳು. "ಅವರೇ."

ಟೈಲರಮ್ಮ ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತಾ ನಿಂತಳು. ಅಳಲಿಲ್ಲ. ಯಾರಾದರೂ ಕರೆದರೆ ಓಗೊಡಲು ಕಾಯುವವಳಂತೆ ತಲೆ ವಾರೆ ಮಾಡಿ ನಿಂತಿದ್ದಳು.

"ನನ್ನನ್ನೇ ಕರೀತಿದ್ರು," ಎಂದಳು.