ಇಪ್ಪತ್ತೆರಡು ನಿಮಿಷದ ಸಿನಿಮಾ

"ಕ್ಯಾಸೆಟ್ಟು ಹಿಂದಕ್ಕೆ ಸುತ್ತಿ ಕೊಡಕ್ಕೆ ಏನ್ರೀ ಕಷ್ಟ?"

ಕ್ಯಾಸೆಟ್ಟು ವಾಪಸ್ ಕೊಟ್ಟು ತನುಶ್ರೀ ಇನ್ನೇನು ಅಂಗಡಿಯಿಂದ ಹೊರಡಬೇಕು, ಹಿಂದಿನಿಂದ ಬಂದ ಮಾತು ಅವಳನ್ನು ತಡೆದು ನಿಲ್ಲಿಸಿತು. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಪುಟ್ಟ ವಿಡಿಯೋ ಲೈಬ್ರರಿಯಲ್ಲಿ ಆಗ ನಾಲ್ಕೈದು ಜನ ಗಿರಾಕಿಗಳಿದ್ದರು. ಎಲ್ಲರೂ ಅವಳನ್ನೇ ನೋಡಿದರು.

"ಮನಸ್ಸು ಬರ್ಲಿಲ್ಲ," ಅಂದಳು. "ಹಿಂದಕ್ಕೆ ಓಡಿಸಿದ್ರೆ ಸತ್ತವನು ಎದ್ದು ಕೂತ್ಕೋತಾನೆ, ಅತ್ತವಳ ಕಣ್ಣೀರು ವಾಪಸ್ ಒಳಗೋಗ್ತದೆ. ಅಷ್ಟು ಒಳ್ಳೇ ಸಿನಿಮಾನ ಹಂಗೆ ನೋಡೋದಾ?"

ಕೌಂಟರಿನ ಹಿಂದಿದ್ದ ಚಲುವರಾಜು ಮೊದಲ ಬಾರಿಗೆ ತಲೆ ಎತ್ತಿ ನೋಡಿದ. ಆರು ತಿಂಗಳಿಂದ ಆ ಕಪ್ಪು ಬಿಳುಪು ಸಿನಿಮಾವನ್ನು ಕೇಳಿದವಳು ಇವಳೊಬ್ಬಳೇ.

"ಹೋಗ್ಲಿ ಬುಡಿ, ನಾನೇ ಸುತ್ಕೋತೀನಿ," ಅಂದ. ದನಿ ಮೆತ್ತಗಾಗಿತ್ತು.

ತೊಂಬತ್ತಮೂರನೇ ಇಸವಿಯ ಆ ಬೇಸಿಗೆಯಿಂದ ಶುರುವಾಯಿತು ನೋಡಿ. ಟೈಪಿಂಗ್ ಕಲಿಸುವ ಇನ್‌ಸ್ಟಿಟ್ಯೂಟಿನ ಕೆಲಸ ಮುಗಿಸಿ ಶನಿವಾರ ಅವಳು ಬಂದರೆ, ಜನ ಮರೆತೇಬಿಟ್ಟ ಯಾವುದೋ ಹಳೆಯ ಸಿನಿಮಾ ಅವಳಿಗಾಗಿ ಕಾದಿರುತ್ತಿತ್ತು. ಡಬ್ಬದೊಳಗೆ ಅವನದೊಂದು ಚೀಟಿ: "ಎರಡನೇ ಹಾಡಿನಲ್ಲಿ ಹಿಂದಿರುವ ನಾಯಿಯನ್ನು ನೋಡಿ." ಸೋಮವಾರ ಅವಳದೊಂದು ಚೀಟಿ: "ನಾಯಿ ನಾಯಕನಿಗಿಂತ ಚೆನ್ನಾಗಿ ನಟಿಸಿದೆ." ಎದುರಾಬದುರು ನಿಂತಾಗ ಇಬ್ಬರಿಗೂ ಮಾತು ಕಡಿಮೆ. ಆಡಬೇಕಾದದ್ದೆಲ್ಲ ಡಬ್ಬದಲ್ಲೇ ಆಗಿಹೋಗುತ್ತಿತ್ತು.

ಒಂದು ಶನಿವಾರ ಅವನು ಕೌಂಟರಿನ ಅಡಿಯಿಂದ ಹೆಸರು ಅಂಟಿಸದ ಕ್ಯಾಸೆಟ್ಟೊಂದನ್ನು ತೆಗೆದ.

"ಇದು ಬಾಡಿಗೆದಲ್ಲ, ನಮ್ಮನೇದು. 'ಹೊಳೆ ದಾಟಿದ ಹೊನ್ನಿ' ಅಂತ. ಒಂದೇ ವಾರ ಓಡಿ ಮಾಯವಾದ ಸಿನಿಮಾ. ನಿಮಗೂ ಹಿಡಿಸ್ತದಾ ನೋಡ್ಬೇಕು ನಂಗೆ."

ಭಾನುವಾರ ಬೆಳಿಗ್ಗೆಯೇ ತನುಶ್ರೀ ಅದನ್ನು ನೋಡಿದಳು. ಸಿನಿಮಾ ಶುರುವಾದ ಹತ್ತು ನಿಮಿಷಕ್ಕೆ ಹೊನ್ನಿಯ ಜೊತೆ ಹೆಂಗಸರ ಗುಂಪೊಂದು ಹೊಳೆ ದಾಟುತ್ತದೆ. ಅದರಲ್ಲಿ ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹುಡುಗಿಯೊಬ್ಬಳು ಕ್ಯಾಮರಾ ಕಡೆ ತಿರುಗಿ ನಗುತ್ತಾಳೆ. ತನುಶ್ರೀ ಈ ಸಲ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿಟ್ಟು ಚೀಟಿ ಬರೆದಳು: "ಕೊಡದ ಹುಡುಗಿ ಹೊನ್ನಿಗಿಂತ ಚೆಂದ. ಆದರೆ ನಡುನೀರಿನಲ್ಲಿದ್ದವಳು ತಟಕ್ಕನೆ ದಡದಲ್ಲಿರುತ್ತಾಳಲ್ಲ, ಯಾಕೆ?"

ಮಧ್ಯಾಹ್ನ ಟಿವಿಯಲ್ಲಿ ಆ ದಿನ ತೋರಿಸುವ ಸಿನಿಮಾದ ಹೆಸರು ಹೇಳಿದರು. 'ಬೆಳ್ಳಿ ಬೀಗ'.

ಚಲುವರಾಜು ಹತ್ತು ವರ್ಷದಿಂದ ಹುಡುಕುತ್ತಿದ್ದ ಸಿನಿಮಾ! ಅವನ ತಂದೆ ಚಿಕ್ಕಮಾದಯ್ಯ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಹೊಣಕೆರೆಯ ಟೆಂಟಿನಲ್ಲಿ ಅವನು ಏಳು ವರ್ಷದ ಹುಡುಗನಾಗಿದ್ದಾಗ ಇದನ್ನು ಅರ್ಧ ನೋಡಿ ನಿದ್ದೆಹೋಗಿದ್ದನಂತೆ. ಕೊನೆಗೆ ಬೀಗ ತೆರೆಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ ಎಂದು ಚೀಟಿಯಲ್ಲಿ ಬರೆದಿದ್ದ.

'ಇದನ್ನ ರೆಕಾರ್ಡ್ ಮಾಡಿ ಅವರ ಕೈಗಿಟ್ಟರೆ...'

ಟಿವಿಯ ಮೇಲೆ ಚಲುವರಾಜುವಿನ ಕ್ಯಾಸೆಟ್ಟಿನ ಜೊತೆ ಸೋದರಮಾವ ಬಿಟ್ಟುಹೋದ ಖಾಲಿ ಕ್ಯಾಸೆಟ್ಟೂ ಇತ್ತು. ಅದಕ್ಕೂ ಹೆಸರಿರಲಿಲ್ಲ. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತುರುಕಿ ಗುಂಡಿ ಒತ್ತಿದಳು. ವಿಸಿಆರ್ ಅದನ್ನು ಹೊರಕ್ಕೆ ಉಗುಳಿತು. ಮತ್ತೆ ತುರುಕಿದಳು. ಮತ್ತೆ ಉಗುಳಿತು.

ತಿರುಗಿಸಿ ನೋಡಿದರೆ ಬೆನ್ನಿನ ಮೇಲಿನ ಪುಟ್ಟ ಹಲ್ಲು ಮುರಿದಿತ್ತು. ಒಳಗಿನದು ಅಳಿಸಬಾರದು ಅನ್ನುವವರು ಆ ಹಲ್ಲನ್ನು ಮುರಿದಿಡುತ್ತಾರೆ. ಆ ತೂತಿನ ಮೇಲೆ ಏನಾದರೂ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆಂಬುದೂ ಎಲ್ಲರಿಗೂ ಗೊತ್ತು. 'ಮಾವನ ಹಳೇ ಕ್ಯಾಸೆಟ್ಟೇ ಇರಬೇಕು' ಎಂದುಕೊಂಡು, ಗಾಯಕ್ಕೆ ಹಾಕುವ ಪ್ಲಾಸ್ಟರನ್ನು ಹರಿದು ಅಂಟಿಸಿಯೇಬಿಟ್ಟಳು.

ಇಪ್ಪತ್ತೆರಡು ನಿಮಿಷಕ್ಕೆ ಕರೆಂಟು ಹೋಯಿತು.

ಸಂಜೆ ಕರೆಂಟು ಬಂದಾಗ ಮಾವನ ಕ್ಯಾಸೆಟ್ಟು ಟಿವಿ ಮೇಲಿನ ಕಸೂತಿ ಬಟ್ಟೆಯಡಿ ಹಾಗೆಯೇ ಇತ್ತು. ವಿಸಿಆರ್‌ನಲ್ಲಿದ್ದುದನ್ನು ಹಾಕಿ ನೋಡಿದಳು. ಇಪ್ಪತ್ತೆರಡು ನಿಮಿಷ 'ಬೆಳ್ಳಿ ಬೀಗ'. ಆಮೇಲೆ ಹೊನ್ನಿ ಆಗಲೇ ಆಚೆ ದಡದ ಊರಿನಲ್ಲಿ ಸೊಸೆಯಾಗಿದ್ದಳು. ಹೊಳೆಯೇ ಇರಲಿಲ್ಲ.

'ಬೇಡ ಬೇಡ ಅಂತ ಎರಡು ಸಲ ಹೊರಗೆ ಬಂತು... ನಾನೇ ಬಲವಂತ ಮಾಡಿದೆ.'

ಸೋಮವಾರ ಹೇಳಿಬಿಡಬೇಕೆಂದೇ ಹೋದಳು. ಬಾಯಿ ತೆರೆಯುವ ಮೊದಲೇ ಅವನು ಅವಳ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು ಓದಿದ. ಅವನ ಮುಖ ಅರಳಿತು.

"ಕೊಡದ ಹುಡುಗಿ ಕಣ್ಣಿಗೆ ಬಿದ್ಲಾ? ದಡಕ್ಕೆ ಎಗರೋದಾ, ಪ್ರಿಂಟು ಸವೆದಿತ್ತು ಅಂತಾರೆ ನಮ್ಮಪ್ಪ." ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ಅವಳ ಕೈಗಿಟ್ಟ. "ಮನೇಗೋಗಿ ಓದಿ."

ಅಷ್ಟು ಸಂತೋಷದ ಮುಖಕ್ಕೆ ಹೇಗೆ ಹೇಳುವುದು? ಅವಳು ಬೀದಿಯಲ್ಲೇ ನಿಂತು ಓದಿದಳು.

"ಆ ಹುಡುಗಿ ನಮ್ಮವ್ವ, ಸಿದ್ದಲಿಂಗಮ್ಮ. ನಮ್ಮೂರ ಹೊಳೆಯಲ್ಲಿ ಶೂಟಿಂಗ್ ಆದಾಗ ಅವ್ವನಿಗೆ ಹದಿನಾರು. ಈಗಿಲ್ಲ. ಪಿತೃಪಕ್ಷದಲ್ಲಿ ಅವ್ವನಿಗೆ ಎಡೆ ಇಟ್ಟ ಮೇಲೆ ಅಪ್ಪ ಅದೊಂದು ಸೀನು ನೋಡಿಯೇ ಊಟಕ್ಕೆ ಕೂರುವುದು. ಅಮಾವಾಸ್ಯೆಯೊಳಗೆ ಕೊಡಿ. ಇನ್ನೊಂದು ಮಾತು. ಅವ್ವನನ್ನು ಮನೆಯವರಿಗಲ್ಲದೆ ಬೇರೆ ಯಾರಿಗೂ ತೋರಿಸಿಲ್ಲ. ನೀವು ನಮ್ಮ ಮನೆಯವರಾಗಲು ಒಪ್ಪುತ್ತೀರಾ?"

ಮದುವೆಯ ಮಾತು ಬಂದ ದಿನ ಹುಡುಗಿಯರು ನಾಚಿ ನಗುತ್ತಾರಂತೆ. ತನುಶ್ರೀ ಆ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

ಆಮೇಲೆ ಮೂರು ವಾರ ಅವಳು ಬಸ್ ಸ್ಟ್ಯಾಂಡಿನ ದಾರಿಯನ್ನೇ ಬಿಟ್ಟಳು. ಕೊನೆಗೆ ಅವನೇ ಇನ್‌ಸ್ಟಿಟ್ಯೂಟಿನ ಬಾಗಿಲಿಗೆ ಬಂದ.

"ಚೀಟಿ ಓದಿ ಬೇಜಾರಾಗಿದ್ರೆ ಹರಿದಾಕ್ಬುಡಿ. ನಾನು ಇನ್ನೊಂದ್ಸಲ ಕೇಳಲ್ಲ. ಕ್ಯಾಸೆಟ್ಟು ಮಾತ್ರ ಕೊಟ್ಬುಡಿ, ಅಮಾಸೆ ಹತ್ರ ಬಂತು."

"ಬೇಜಾರಲ್ಲ..." ಅಂದಳು. ತಲೆ ತಗ್ಗಿಸಿದಳು. "ನಾಳೆ ತರ್ತೀನಿ."

ನಾಳೆ ತರಲಿಲ್ಲ. ಅವಳ ತಗ್ಗಿದ ತಲೆಯನ್ನು ಅವನು ಒಲ್ಲೆ ಎಂದೇ ಓದಿಕೊಂಡ. ಹೇಳಿದರೆ ಅವನು ಕೈತಪ್ಪಿಹೋಗುತ್ತಾನೆ, ಹೇಳದಿದ್ದರೆ ಅವನ ಪಕ್ಕ ನಿಲ್ಲುವ ಯೋಗ್ಯತೆ ತನಗಿಲ್ಲ... ಇದೇ ಯೋಚನೆಯಲ್ಲಿ ಅವಳಿಗೆ ಅನ್ನ ಸೇರಲಿಲ್ಲ.

ಅಮಾವಾಸ್ಯೆಯ ದಿನ ಅವನ ಊರಾದ ಅಕ್ಕಿಹೆಬ್ಬಾಳಿನ ಬಸ್ಸು ಹತ್ತಿದಳು.

ನಡುಮನೆಯಲ್ಲಿ ಎಡೆ ಇಟ್ಟಾಗಿತ್ತು. ಮಣೆಯ ಮೇಲೆ ಹೊಸ ಸೀರೆ, ಬಳೆ, ಹೂವು. ಫೋಟೋ ಇರಲಿಲ್ಲ. ಆ ಮನೆಯಲ್ಲಿ ಸಿದ್ದಲಿಂಗಮ್ಮನ ಒಂದೇ ಒಂದು ಫೋಟೋ ಇಲ್ಲವೆಂಬುದು ಅವಳಿಗೆ ಆಗಲೇ ಅರ್ಥವಾದದ್ದು.

"ಬಂದ್ರಾ," ಅಂದ ಚಲುವರಾಜು. "ಅಪ್ಪ ಉಣ್ಣದೆ ಕಾಯ್ತಾ ಕೂತವ್ರೆ."

ಅವಳು ಪ್ಲಾಸ್ಟರ್ ಅಂಟಿಸಿದ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ. ನಾಳೆ ತರುತ್ತೇನೆ ಎಂದ ಸುಳ್ಳನ್ನೂ.

ಚಲುವರಾಜು ಪ್ಲಾಸ್ಟರನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ. ಕ್ಯಾಸೆಟ್ಟನ್ನು ಮೆಲ್ಲಗೆ ಕೆಳಗಿಟ್ಟು ಅಂಗಳಕ್ಕೆ ಹೋದ. ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

"ಕೂತ್ಕೊ ಕಣವ್ವ," ಅಂದರು ಚಿಕ್ಕಮಾದಯ್ಯ.

"ನಾನು ಹೋಗ್ತೀನಿ. ಕ್ಷಮಿಸಿ ಅಂತ ಕೇಳೋಕೂ ಬಾಯಿಲ್ಲ ನಂಗೆ."

"ಎಗರೋದು ಯಾಕೆ ಅಂತ ಕೇಳಿದ್ದೆಯಂತಲ್ಲ, ಕೇಳ್ಕಂಡು ಹೋಗು." ಮುದುಕ ಎದ್ದು ಗೂಡಿನಿಂದ ನಶ್ಯದ ಡಬ್ಬಿಯೊಂದನ್ನು ತಂದರು. "ಆ ಸಿನಿಮಾ ನಮ್ಮ ಟೆಂಟಿಗೂ ಬಂದಿತ್ತು. ಆಗ ನಂಗೆ ಹೊಸ್ದಾಗಿ ಮದ್ವೆ. ಪ್ರಿಂಟು ವಾಪಸ್ ಕಳಿಸೋ ದಿನ ಮನ್ಸು ತಡೀನಿಲ್ಲ. ನನ್ನೆಂಡ್ತಿ ಇರೋ ಕಡೆ ಎರಡು ಮೊಳ ಕತ್ತರಿಸಿ, ಉಳಿದಿದ್ನ ಅಂಟಿಸ್ಬುಟ್ಟೆ. ಆಮೇಲೆ ಕ್ಯಾಸೆಟ್ಟಿಗೆ ಇಳಿದದ್ದೂ ಅದೇ ಪ್ರಿಂಟು. ಅವ್ಳೇ ಒಂದ್ಸಲ ಕೇಳಿದ್ಲು, ನಾನ್ಯಾಕೆ ಅಂಗೆ ಎಗರ್ತೀನಿ ಅಂತ. ಸವೆದೋಗದೆ ಅಂದೆ. ಅವ್ಳು ಹೋದ್ಮೇಲೂ ಯಾರ್ಗೂ ಯೋಳ್ನಿಲ್ಲ. ವರ್ಸಾವರ್ಸ ನಾನು ನೋಡ್ತಿದ್ದದ್ದು ಅವ್ಳನ್ನಲ್ಲ ಕಣವ್ವ, ನನ್ನ ತಪ್ಪನ್ನ."

ಡಬ್ಬಿಯಲ್ಲಿ ಸುರುಳಿ ಸುತ್ತಿದ ಫಿಲ್ಮಿನ ತುಂಡಿತ್ತು. ಬಾಗಿಲಿನ ಬೆಳಕಿಗೆ ಹಿಡಿದರೆ ಚೌಕ ಚೌಕದಲ್ಲೂ ಅದೇ ಹುಡುಗಿ. ಸೊಂಟದಲ್ಲಿ ಕೊಡ, ಮೊಣಕಾಲಿಗೆ ನೀರು, ಮುಖದ ತುಂಬ ನಗು.

ಹೊಸ್ತಿಲಲ್ಲಿ ನೆರಳು ಬಿತ್ತು. ಚಲುವರಾಜು ಎಲ್ಲವನ್ನೂ ಕೇಳಿಸಿಕೊಂಡಿದ್ದ. ತುಂಡನ್ನು ತಂದೆಯ ಕೈಯಿಂದ ತೆಗೆದುಕೊಂಡು ಎಷ್ಟೋ ಹೊತ್ತು ನೋಡಿದ. ಆಮೇಲೆ ಅದನ್ನು ಮಣೆಯ ಮೇಲೆ, ಸೀರೆಯ ಪಕ್ಕದಲ್ಲಿಟ್ಟ.

"ಉಣ್ಣಪ್ಪ," ಅಂದ. ಚಿಕ್ಕಮಾದಯ್ಯ ಕಣ್ಣೊರೆಸಿಕೊಂಡು ಎಲೆಯ ಮುಂದೆ ಕೂತರು.

ಅವನು ತನುಶ್ರೀಯ ಕಡೆ ತಿರುಗಿದ. "ಅಳಿಸಿದ್ದು ಕೈತಪ್ಪಿ. ಮೂರು ವಾರ ಬಚ್ಚಿಟ್ಟಿದ್ದು ಕೈತಪ್ಪಿ ಅಲ್ಲ."

"ಅಲ್ಲ," ಅಂದಳು. "ನಿಮ್ಮನ್ನ ಕಳ್ಕೋತೀನಿ ಅಂತ ಭಯ ಆಯ್ತು."

"ಅಂದ್ರೆ ಚೀಟಿ ಓದಿ ಬೇಜಾರಾಗಿರ್ಲಿಲ್ಲ."

"ಇಲ್ಲ..."

ಅವನು ಕ್ಯಾಸೆಟ್ಟನ್ನು ಎತ್ತಿಕೊಂಡ. "'ಬೆಳ್ಳಿ ಬೀಗ' ಎಷ್ಟು ನಿಮಿಷ ಸಿಕ್ಕದೆ?"

"ಇಪ್ಪತ್ತೆರಡು. ತೆರೀತೋ ಇಲ್ವೋ ನಂಗೂ ಗೊತ್ತಿಲ್ಲ."

"ಇನ್ನೊಂದಿನ ಟಿವೀಲಿ ಬತ್ತದೆ ಬುಡು."

'ಬುಡು' ಅಂದ, 'ಬುಡಿ' ಅನ್ನಲಿಲ್ಲ. ಅವಳ ಕಣ್ಣು ತುಂಬಿತು.

"ಹತ್ತು ವರ್ಷ ಆಗ್ಬಹುದು."

"ಆಗ್ಲಿ. ಅಲ್ಲಿಗಂಟ ಈ ಮನೇಲಿರ್ತೀಯಾ?"

"ಇರ್ತೀನಿ," ಅಂದಳು ತನುಶ್ರೀ. "ಕ್ಯಾಸೆಟ್ಟು ಮಾತ್ರ ನೀವೇ ಹಾಕ್ಬೇಕು."