ಶುಕ್ರವಾರದ ಸಹಿ

ಮಾರ್ಚ್ ಐದು, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಪಾಯಾ ಲೆಬಾರ್ ಹತ್ತಿರದ ಪೊಲೀಸ್ ಠಾಣೆಗೆ ದ್ವಾರಕನಾಥ್ ನುಗ್ಗಿದಾಗ ಎದ್ದ ಕೂಗಿಗೆ ಚಾಂಗಿ ಏರ್‌ಪೋರ್ಟಿನಲ್ಲಿ ಇಳಿಯಬೇಕಿದ್ದ ವಿಮಾನಗಳೆಲ್ಲ ಒಂದೊಂದು ಸುತ್ತು ಹೆಚ್ಚು ಹೊಡೆದವು. ಇದರಲ್ಲಿ ಉತ್ಪ್ರೇಕ್ಷೆ ಹುಡುಕುವವರು ಆ ಗಂಟಲು ಕೇಳಿದವರಲ್ಲ.

"ಫೋರ್ಜರಿ! ನನ್ನ ಸಹಿ ಫೋರ್ಜ್ ಮಾಡಿದ್ದಾರೆ ಇನ್ಸ್‌ಪೆಕ್ಟ್ರೇ!"

ಇನ್ಸ್‌ಪೆಕ್ಟರ್ ಅನಂತರಾಮ್ ಮೈಸೂರು ಮೂಲದವರು, ಹುಟ್ಟಿದ್ದು ಇಲ್ಲೇ. ಅವರು ಒಂದು ಹುಬ್ಬು ಎತ್ತಿದರೆ ಕಳ್ಳರು ಮಲೇಷ್ಯಾದವರೆಗೆ ಓಡುತ್ತಾರೆ. ಎರಡೂ ಎತ್ತಿದ್ದನ್ನು ನೋಡಿ ಬದುಕಿದವರಿಲ್ಲ.

"ಕೂತ್ಕೊಳ್ಳಿ. ಏನಾಯ್ತು?"

ದೂರು ಹೀಗಿತ್ತು. ಕಟ್ಟಡದ ನಕ್ಷೆಗೆ ಮುದ್ರೆ ಒತ್ತಲು ಸರ್ಕಾರದ ಲೈಸೆನ್ಸ್ ಪಡೆದ ಎಂಜಿನಿಯರೇ ಬೇಕು. ಅಂಥವರೊಬ್ಬರು ಡೈರೆಕ್ಟರ್ ಆಗಿದ್ದರೆ ಮಾತ್ರ ಕಂಪನಿಗೂ ಲೈಸೆನ್ಸ್. ದ್ವಾರಕನಾಥರ ಕಂಪನಿಯಲ್ಲಿ ಆ ಲೈಸೆನ್ಸ್ ಇದ್ದದ್ದು ಅವರೊಬ್ಬರಿಗೇ. ಈಗ ಲೈಸೆನ್ಸ್ ಮಂಡಳಿ ಬರೆದಿದೆ: ಫೆಬ್ರವರಿ ಹದಿನಾರರ ನಿಮ್ಮ ಪತ್ರದಂತೆ ನೀವು ಡೈರೆಕ್ಟರ್ ಸ್ಥಾನ ಬಿಟ್ಟಿದ್ದೀರಿ, ಕಂಪನಿಯ ಲೈಸೆನ್ಸ್ ರದ್ದು. ಇಪ್ಪತ್ಮೂರು ಕಟ್ಟಡಗಳ ಕೆಲಸ ಒಂದೇ ಬೆಳಿಗ್ಗೆ ನಿಂತುಹೋಗಿತ್ತು.

"ನಾನು ಅಂಥ ಪತ್ರ ಬರೆದೇ ಇಲ್ಲ. ಯಾವನೋ ನನ್ನ ಕಂಪನಿ ಮುಳುಗಿಸೋಕೆ ಹೊರಟಿದ್ದಾನೆ. ಅವನನ್ನ ಬಿಡಬಾರದು."

ನಮ್ಮೂರ ಎಫ್‌ಐಆರ್‌ಗೆ ಇಲ್ಲಿ ಪೊಲೀಸ್ ರಿಪೋರ್ಟ್ ಅನ್ನುತ್ತಾರೆ. ಸಾರ್ಜೆಂಟ್ ರಿಷಿಕಾ ಅದನ್ನು ದಾಖಲಿಸಿ, ಮಧ್ಯಾಹ್ನವೇ ಮಂಡಳಿಯಿಂದ ಮೂಲ ಪತ್ರ ತಂದಳು. ಇಲ್ಲಿನದೇ ಯಿಶುನ್ ಬಡಾವಣೆಯಲ್ಲಿ ಬೆಳೆದ ಹುಡುಗಿ. ಅವಳ ಜಪ್ತಿ ಪಟ್ಟಿಯಲ್ಲಿ ಸ್ಟೇಪಲ್ ಪಿನ್ನಿಗೂ ಒಂದು ನಂಬರು ಇರುತ್ತದೆ.

ಗುರುವಾರ ಹತ್ತೂವರೆಗೆ ಕೈಬರಹ ತಜ್ಞರ ವರದಿ ಬಂತು. ಸಹಿ ಅಸಲಿ. ಮುದ್ರೆಯೂ ಅಸಲಿ.

"ಸರ್, ಅಂಕಲ್ ತಾವೇ ಸೈನ್ ಮಾಡಿದ್ದಾರೆ ಲಾ," ಅಂದಳು ರಿಷಿಕಾ, ಇಲ್ಲಿನವರ ಮಾತಿನ ಬಾಲ 'ಲಾ' ಸೇರಿಸಿ.

ಇಬ್ಬರೂ ಕಂಪನಿಗೆ ಹೋದರು. ಹದಿನೇಳು ವರ್ಷದಿಂದ ಅಲ್ಲಿ ರಿಸೆಪ್ಷನ್ ನೋಡಿಕೊಳ್ಳುವ ಜಯಾ ಎಲ್ಲ ಹೇಳಿಬಿಟ್ಟರು.

"ಬಾಸ್ ಪೇಪರಿಗೆ ಯಾವಾಗ ಸಹಿ ಹಾಕ್ತಾರೆ?"

"ಶುಕ್ರವಾರ ಮೂರು ಗಂಟೆಗೆ. ವಾರದ್ದೆಲ್ಲ ಒಂದೇ ಕಟ್ಟು. ಸಹಿ ಹಾಕೋ ಕಡೆ ಹಳದಿ ಚೀಟಿ ಅಂಟಿಸಿರ್ತೀವಿ. ಫೋನು ಕಿವೀಲಿ, ಪೆನ್ನು ಕೈಲಿ. ಅರವತ್ತು ಪೇಪರ್, ಹನ್ನೊಂದು ನಿಮಿಷ."

"ಓದಲ್ವಾ?"

"ಓದ್ತಾರಾ?" ಜಯಾ ನಕ್ಕರು. "ಸರ್, ಒಂದು ಸಲ ಆ ಕಟ್ಟಲ್ಲಿ ಫುಡ್ ಸ್ಟಾಲ್‌ನ ಮೆನು ಸೇರ್ಕೊಂಡಿತ್ತು. ಅದಕ್ಕೂ ಸಹಿ, ಮುದ್ರೆ, ತಾರೀಖು!"

"ಕಟ್ಟು ಜೋಡಿಸೋರು ಯಾರು?"

ನಗು ನಿಂತಿತು. "ಜ್ಯೋತ್ಸ್ನಾ."

ಜ್ಯೋತ್ಸ್ನಾ ಹನ್ನೊಂದು ವರ್ಷದಿಂದ ಅಲ್ಲಿನ ಹಿರಿಯ ಎಂಜಿನಿಯರ್. ಅವಳ ಲೆಕ್ಕದ ಮೇಲೆ ನಿಂತ ಕಟ್ಟಡಗಳನ್ನೆಲ್ಲ ಒಂದರ ಮೇಲೊಂದು ಇಟ್ಟರೆ ಚಂದ್ರನಿಗೆ ನೆರಳು ಬೀಳುತ್ತದೆ. ಆದರೆ ಅವಳಿಗೆ ಲೈಸೆನ್ಸ್ ಇಲ್ಲ. ಮೀಟಿಂಗ್ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು.

"ರಾಜೀನಾಮೆ ಟೈಪ್ ಮಾಡಿದ್ದು?"

"ನಾನು."

"ಕಟ್ಟಿನೊಳಗೆ ಸೇರಿಸಿದ್ದು?"

"ನಾನೇ. ಮೂವತ್ತೆಂಟನೇ ಹಾಳೆ. ಅಷ್ಟು ಹೊತ್ತಿಗೆ ಫೋನಲ್ಲಿ ಭಾವಮೈದನ ಕ್ರಿಕೆಟ್ ಕಾಮೆಂಟರಿ ಶುರುವಾಗಿರುತ್ತೆ. ಪೋಸ್ಟ್ ಮಾಡಿದ್ದೂ ನಾನೇ."

"ಮೋಸದಿಂದ ಸಹಿ ಹಾಕಿಸಿಕೊಂಡರೂ ಫೋರ್ಜರಿಯೇ. ಗೊತ್ತಾ?"

"ಗೊತ್ತು ಸರ್. ಸೆಕ್ಷನ್ ಓದಿದ್ದೀನಿ, ಮೂರು ಸಲ. ಆದರೆ ಮೋಸ ಅಂತ ಅವರು ಹೇಳ್ಬೇಕಲ್ಲ? 'ಓದದೇ ಸಹಿ ಹಾಕಿದೆ' ಅಂತ ಬರೆದುಕೊಡಲಿ. ನಾನು ಇಲ್ಲೇ ಕೂತಿರ್ತೀನಿ."

ಅನಂತರಾಮ್ ಅವರ ಎರಡೂ ಹುಬ್ಬು ಮೇಲೆದ್ದವು. ಅವಳು ಬದುಕಿಯೇ ಇದ್ದಳು.

ಅವರು ದ್ವಾರಕನಾಥರ ಕ್ಯಾಬಿನ್ನಿಗೆ ಹೋಗಿ ಬಾಗಿಲು ಮುಚ್ಚಿದರು.

"ಓದಿ ಸಹಿ ಮಾಡಿದ್ದೀರಿ ಅಂದರೆ ರಾಜೀನಾಮೆ ನಿಜ. ಕೇಸಿಲ್ಲ, ಕಂಪನಿಯೂ ಇಲ್ಲ. ಓದದೇ ಮಾಡಿದೆ ಅಂದರೆ ಅರೆಸ್ಟ್ ಮಾಡ್ತೀನಿ. ಆದರೆ ನಿಮ್ಮ ಹೇಳಿಕೆ ಮಂಡಳಿಗೂ ಹೋಗುತ್ತೆ. ಓದದೇ ಮುದ್ರೆ ಒತ್ತುವ ಎಂಜಿನಿಯರ್ ಲೈಸೆನ್ಸ್ ಉಳಿಯುತ್ತೆ ಅಂತ ನನಗನ್ನಿಸಲ್ಲ. ಒಂದು ದಿನ ಯೋಚನೆ ಮಾಡಿ."

ದ್ವಾರಕನಾಥ್ ಒಂದು ನಿಮಿಷವೂ ಮಾಡಲಿಲ್ಲ. ಮುಖ ಕುದಿಯುತ್ತಿತ್ತು.

"ನಂದು ಹೋದ್ರೆ ಹೋಗಲಿ. ಅವಳು ಇವತ್ತೇ ಒಳಗೆ ಹೋಗ್ಬೇಕು. ಬರ್ಕೊಳ್ಳಿ: ಓದಿಲ್ಲ. ಯಾವತ್ತೂ ಓದಿಲ್ಲ!"

ಗಾಜಿನ ಗೋಡೆಯಾಚೆಗೂ ಆ ಮಾತು ಕೇಳಿಸಿತು. ಇಡೀ ಆಫೀಸು ತಲೆ ಎತ್ತಿತು.

ನಾಲ್ಕು ಹತ್ತಕ್ಕೆ ಜ್ಯೋತ್ಸ್ನಾಳ ಬಂಧನವಾಯಿತು. ಅವಳೇ ಕೈ ಮುಂದೆ ಚಾಚಿದಳು. ಲಿಫ್ಟಿನಲ್ಲಿ ರಿಷಿಕಾ ತಡೆಯಲಾರದೆ ಕೇಳಿದಳು, "ಜೈಲಿಗೆ ಹೋಗೋವಷ್ಟು ವರ್ತ್ ಇತ್ತಾ ಅಕ್ಕಾ?"

"ನನ್ನ ಡ್ರಾಯರ್ ನೋಡು."

ಡ್ರಾಯರಿನಲ್ಲಿದ್ದದ್ದು ಒಂದೇ ಫೈಲು: ಲೈಸೆನ್ಸಿಗಾಗಿ ಜ್ಯೋತ್ಸ್ನಾ ಬರೆದ ಅನುಭವ ವರದಿ, ಹದಿನಾಲ್ಕು ಪುಟ. ದ್ವಾರಕನಾಥ್ ದೃಢೀಕರಿಸಿ ಸಹಿ ಹಾಕಿದ್ದರೆ ಸಾಕಿತ್ತು. ಹನ್ನೊಂದು ವರ್ಷದಲ್ಲಿ ಅವರು ಮೊದಲ ಸಾಲಿಂದ ಕೊನೆಯ ಸಾಲಿನವರೆಗೆ ಓದಿದ್ದ ಕಾಗದ ಅದೊಂದೇ ಇರಬೇಕು. 'ವಿನ್ಯಾಸ ಮಾಡಿದ್ದೇನೆ' ಎಂದಿದ್ದ ಕಡೆಯಲ್ಲೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ಬರೆದಿದ್ದರು: 'ಸಹಾಯ ಮಾಡಿದ್ದೇನೆ'. ನಲವತ್ತೇಳು ಕಡೆ.

ಸಹಿ ಹಾಕಿರಲಿಲ್ಲ.